‘ದೂರೋ ಹಾಗಿಲ್ಲ’ ಅಂದದ್ದಕ್ಕೆ ನಿಂತುಹೋದ ಸಾಲ

ಆರೋಗ್ಯ ಸಂಸ್ಥೆಗಳ ಅಡಮಾನ ಸಾಲಕ್ಕೆ ಸರ್ಕಾರದ ಜಾಮೀನು ಮುದ್ರೆ ಒತ್ತುವ ಮಾನ್ಯರೇ,

ನಮ್ಮೂರಿನ ವೃದ್ಧರು ಸುಖವಾಗಿದ್ದಾರೆ ಎಂಬ ಒಂದೇ ಕಾರಣಕ್ಕೆ ತಾವು ನಮ್ಮ ಆರೈಕೆ ಮನೆಯ ಸಾಲವನ್ನು ತಡೆಹಿಡಿದಿದ್ದೀರಿ. ಓದುಗರು ಇದನ್ನು ಅಚ್ಚಿನ ದೋಷ ಅಂದುಕೊಳ್ಳಬಾರದು, ಅದಕ್ಕೇ ಇನ್ನೊಮ್ಮೆ ಹೇಳುತ್ತೇನೆ. ಬ್ರೆಕ್ಕಾ ಆರೈಕೆ ಮನೆಯ ಮುದುಕ ಮುದುಕಿಯರು ನೆಮ್ಮದಿಯಾಗಿದ್ದಾರೆ, ಆ ನೆಮ್ಮದಿಯನ್ನು ತಮ್ಮ ಬಾಯಿಂದಲೇ ಹೇಳಿದ್ದಾರೆ, ಹೇಳಿದ ತಪ್ಪಿಗೆ ಮಾರ್ಚ್ ಕೊನೆಗೆ ಅವರ ಮನೆ ಬಾಗಿಲು ಹಾಕಲಿದೆ. ಬೇರೆ ಕಡೆ ಸರ್ಕಾರಕ್ಕೆ ಅಳುವವರ ಮಾತು ಕೇಳಿಸುವುದಿಲ್ಲ ಅನ್ನುತ್ತಾರೆ. ನಮ್ಮಲ್ಲಿ ಅಳದವರ ಮಾತು ಕೇಳಿಸಿಕೊಂಡೇ ಎಡವಟ್ಟು ಮಾಡಿಕೊಂಡಿದೆ.

ನಾನು ಅರ್ವಿಡ್ ಸ್ಕಾರ್‌ಬೋ. ಮಿನಿಸೋಟದ ಈ ವಾಯವ್ಯ ಮೂಲೆಯಲ್ಲಿ ನಲವತ್ತು ವರ್ಷ ಹರಾಜು ಕೂಗಿ ಬದುಕಿದವನು. ಟ್ರ್ಯಾಕ್ಟರು, ಹಸು, ಸತ್ತವರ ಕಪಾಟು, ಬದುಕಿದ್ದವರ ಹೊಲ, ಎಲ್ಲವನ್ನೂ ಕೂಗಿದ್ದೇನೆ. ಈಗ ಎರಡೂ ಕಣ್ಣಿನ ನೋಟದ ನಡುಭಾಗ ಹೋಗಿದೆ. ಎದುರು ನಿಂತವರ ಕಿವಿ ಕಾಣುತ್ತದೆ, ಮುಖ ಕಾಣುವುದಿಲ್ಲ. ಕಾರು ಓಡಿಸುವ ಲೈಸೆನ್ಸನ್ನೂ ಕಿತ್ತುಕೊಂಡಿದ್ದಾರೆ, ಸರಿಯಾಗಿಯೇ ಮಾಡಿದ್ದಾರೆ. ಹಾಗಾಗಿ ಈ ಪತ್ರವನ್ನು ನಾನು ಬಾಯಲ್ಲಿ ಹೇಳುತ್ತಿದ್ದೇನೆ, ನಮ್ಮ ವಾರಪತ್ರಿಕೆಯ ಸಂಪಾದಕಿ ಮಾರ್ನಾ ಬರೆದುಕೊಳ್ಳುತ್ತಿದ್ದಾಳೆ. ಮೇಲಿನ ಪ್ಯಾರಾದಲ್ಲಿ ನಾನು ‘ಕತ್ತೆ’ ಅಂತಲೂ ಅಂದಿದ್ದೆ. ಅದನ್ನು ಅವಳು ಬರೆದುಕೊಂಡಿಲ್ಲ.

ನನ್ನ ಹೆಂಡತಿ ಲವೋನ್ ಆ ಆರೈಕೆ ಮನೆಯಲ್ಲಿದ್ದಾಳೆ. ಎರಡು ವರ್ಷದ ಹಿಂದೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಇಡೀ ಭಾಷೆಯಲ್ಲಿ ಅವಳ ಪಾಲಿಗೆ ಉಳಿದದ್ದು ಒಂದೇ ಮಾತು: ‘ದೂರೋ ಹಾಗಿಲ್ಲ.’ ಹಸಿವಾದರೂ ಅದೇ, ಹೊಟ್ಟೆ ತುಂಬಿದರೂ ಅದೇ, ಚರ್ಚಿನ ಪಾದ್ರಿ ಬಂದು ಪ್ರಾರ್ಥನೆ ಮಾಡಿದರೆ ‘ಆಮೆನ್’ ಅನ್ನಬೇಕಾದ ಕಡೆಯೂ ಅದೇ. ಬಾಯಿಗೆ ತೀರಾ ರೂಢಿಯಾದ ಮಾತು ಕೆಲವರಲ್ಲಿ ಹೀಗೆ ಉಳಿದುಬಿಡುತ್ತದೆ ಅಂತ ಡಾಕ್ಟರು ಹೇಳಿದರು. ನಮ್ಮ ಕಡೆಯವರಿಗೆ ಇನ್ನಾವ ಮಾತು ತಾನೇ ಉಳಿದೀತು?

ನನ್ನ ಬಾಗಿಲಿಂದ ರಸ್ತೆ ದಾಟಿದರೆ ಅವಳ ಬಾಗಿಲು. ಊರುಗೋಲಿನ ತುದಿಗೆ ಮಂಜುಗಡ್ಡೆಯಲ್ಲಿ ಜಾರದ ಹಾಗೆ ಮೊಳೆ ಹೊಡೆಸಿಕೊಂಡಿದ್ದೇನೆ. ದಿನಾ ಮಧ್ಯಾಹ್ನ ಮೂರಕ್ಕೆ ಹೋಗುತ್ತೇನೆ, ಅವಳ ಜೊತೆ ಕಾಫಿ ಕುಡಿಯುತ್ತೇನೆ, ತಟ್ಟೆಯಲ್ಲಿ ಉಳಿದ ಕೊನೆಯ ಕೇಕಿನ ತುಂಡನ್ನು ‘ನೀನು ತಗೋ’ ಅಂತ ಅವಳ ಕಡೆ ತಳ್ಳುತ್ತೇನೆ, ಅವಳು ಎಡಗೈಯಲ್ಲಿ ನನ್ನ ಕಡೆ ತಳ್ಳುತ್ತಾಳೆ, ಕೊನೆಗೆ ಅದನ್ನು ನರ್ಸು ತಿನ್ನುತ್ತಾಳೆ. ಮನೆ ಮುಚ್ಚಿದರೆ ಲವೋನಳಿಗೆ ಹಾಸಿಗೆ ಸಿಗುವ ಹತ್ತಿರದ ಊರು ಎಂಬತ್ತು ಮೈಲಿ ಆಚೆ ಇದೆ. ಅಲ್ಲಿಗೆ ಬಸ್ಸಿಲ್ಲ. ಈ ಪತ್ರದಲ್ಲಿ ನನ್ನ ಸ್ವಾರ್ಥ ಎಷ್ಟು ಅಂತ ಯಾರಾದರೂ ಕೇಳಿದರೆ, ಇಷ್ಟೇ.

ಇನ್ನು ಸಾಲದ ವಿಚಾರ. ತಮಗೆ ಗೊತ್ತು, ಓದುಗರಿಗೆ ಹೇಳುತ್ತೇನೆ. ಆರೈಕೆ ಮನೆಯ ಹಳೇ ಸಾಲ ನಮ್ಮ ಮೂಲೆ ಬ್ಯಾಂಕಿನದು. ಆ ಬ್ಯಾಂಕನ್ನು ಒಂದು ದೊಡ್ಡ ಬ್ಯಾಂಕು ನುಂಗಿತು, ಅದನ್ನು ಇನ್ನೂ ದೊಡ್ಡದೊಂದು ನುಂಗಿತು, ನುಂಗಿದವರು ಈಗ ಮಾರ್ಚ್ ಕೊನೆಯೊಳಗೆ ಪೂರ್ತಿ ವಾಪಸ್ ಕೊಡಿ ಅನ್ನುತ್ತಿದ್ದಾರೆ. ಇಂಥವರಿಗೆಂದೇ ತಮ್ಮ ಯೋಜನೆ ಇರುವುದು. ಸಾಲ ಕೊಡುವ ಕಂಪನಿ ಬೇರೆ. ‘ಇವರು ತೀರಿಸದಿದ್ದರೆ ನಾವು ತೀರಿಸುತ್ತೇವೆ’ ಎಂದು ಬೆನ್ನಿಗೆ ನಿಲ್ಲುವವರು ತಾವು. ತಾವು ನಿಂತರೆ ಕಂತು ಸಣ್ಣದಾಗುತ್ತದೆ, ಅವಧಿ ಉದ್ದವಾಗುತ್ತದೆ, ಮನೆ ಉಳಿಯುತ್ತದೆ. ಒಳ್ಳೆಯ ಯೋಜನೆ. ಅದರ ಬಗ್ಗೆ ನಾನು ದೂರೋ... ಮಾರ್ನಾ, ಆ ವಾಕ್ಯ ಹೊಡೆದುಹಾಕಮ್ಮ. ಯೋಜನೆ ಚೆನ್ನಾಗಿದೆ, ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

ಬೆನ್ನಿಗೆ ನಿಲ್ಲುವ ಮೊದಲು ತಾವು ಬೆನ್ನು ತಡವಿ ನೋಡುತ್ತೀರಿ. ನೋಡಿ, ತಪ್ಪಿಲ್ಲ. ಹಸು ಕೊಳ್ಳುವವನು ಹಲ್ಲು ನೋಡುತ್ತಾನೆ. ಮೊದಲು ಸದ್ದು ಅಳೆಯುವವರು ಬಂದರು. ಪಕ್ಕದಲ್ಲಿ ಹೋಗುವ ಧಾನ್ಯದ ರೈಲಿನ ಸದ್ದು ನಿವಾಸಿಗಳ ನಿದ್ದೆಗೆ ಕೇಡು ಅಂತ ಅವರ ಅನುಮಾನ. ತೊಂಬತ್ತಾರರ ಹಾರ್ಲನ್ ವಿಗ್ಡಾಲ್‌ನ ಕೋಣೆ ಹಳಿಯ ಕಡೆಗೇ ಇದೆ. ಬೀಟ್ ಗಡ್ಡೆ ಬೆಳೆದು ಮುದುಕನಾದವನು, ನನ್ನ ಹಳೇ ಗೆಳೆಯ. ಅವನ ಕಿವಿಯ ಹತ್ತಿರ ಬಾಗಿ ಕೂಗಿ ಕೇಳಿದರು.

“ರೈಲಿನಿಂದ ತೊಂದರೆ ಆಗುತ್ತಾ, ಸಾರ್?”

“ಯಾವ ರೈಲು?”

“ದಿನಾ ಇಲ್ಲೇ ಹೋಗುತ್ತಲ್ಲ, ಆ ರೈಲು!”

“ಅಯ್ಯೋ, ಅದು ಇನ್ನೂ ಓಡ್ತಿದೆಯಾ? ನಿಲ್ಲಿಸಿಬಿಟ್ರು ಅಂದ್ಕೊಂಡಿದ್ದೆ!”

ಆಮೇಲೆ ಪಕ್ಕದ ಮನೆಯ ಗ್ಯಾಸ್ ತೊಟ್ಟಿ ಸಿಡಿದರೆ ಬೆಂಕಿ ಎಲ್ಲಿಯವರೆಗೆ ಬಂದೀತು ಅಂತ ಲೆಕ್ಕ ಹಾಕುವವರು ಬಂದರು. ಆಮೇಲೆ ಜಮೀನು ಅಳೆಯುವವರು. ಆಮೇಲೆ ಕಟ್ಟಡ ಪಾರಂಪರಿಕ ಸ್ಮಾರಕವೇ ಅಲ್ಲವೇ ಎಂದು ನೋಡುವವರು. ಅರವತ್ತು ದಾಟಿದ ಇಟ್ಟಿಗೆ ಕಟ್ಟಡ, ನೋಡಲೇಬೇಕಂತೆ. “ಅರವತ್ತಕ್ಕೇ ಸ್ಮಾರಕ ಅಂದ್ರೆ ನನ್ನನ್ನ ಏನು ಮಾಡ್ತೀರಿ? ನನ್ನ ಎದೆಗೂ ಒಂದು ಫಲಕ ಹೊಡೀರಿ ಮತ್ತೆ,” ಅಂದ ಹಾರ್ಲನ್. ಇಷ್ಟೆಲ್ಲ ಪರೀಕ್ಷೆಯಲ್ಲೂ ಮನೆ ಪಾಸಾಯಿತು. ಕೊನೆಗೆ ಬಂದಳು ಮಿಸ್ ಫೇರ್‌ಚೈಲ್ಡ್.

ಸಾಲ ಕೊಡುವ ಕಂಪನಿಯ ಪರವಾಗಿ ಅರ್ಜಿಯನ್ನು ಪರಿಶೀಲಿಸಿ ತಮಗೆ ವರದಿ ಬರೆಯುವವಳು ಇವಳು. ದಕ್ಷಿಣದ ದೊಡ್ಡ ಪಟ್ಟಣದ ಹುಡುಗಿ, ಒಳ್ಳೆಯವಳು, ಜನವರಿಯಲ್ಲಿ ತೆಳ್ಳನೆಯ ಬೂಟು ಹಾಕಿಕೊಂಡು ಬಂದಿದ್ದಳು. ನಿವಾಸಿಗಳ ಜೊತೆ ಒಂಟಿಯಾಗಿ ಮಾತಾಡಬೇಕು ಅಂತ ಮನೆಯ ಮೇಲ್ವಿಚಾರಕಿ ಜೋಡೀನಳನ್ನು ಹೊರಗೆ ಕಳಿಸಿದಳು. ಬಾಗಿಲು ಹಾಕಿದಳು. “ಯಾರ ಭಯವೂ ಬೇಡ, ಮನಸ್ಸು ಬಿಚ್ಚಿ ಹೇಳಿ,” ಅಂದಳು. ಮೊದಲನೆಯವನು ಹಾರ್ಲನ್.

“ಇಲ್ಲಿ ನಿಮ್ಮನ್ನ ಹೇಗೆ ನೋಡ್ಕೊಳ್ತಾರೆ?”

“ದೂರೋ ಹಾಗಿಲ್ಲ.”

“ಊಟ?”

“ಇದಕ್ಕಿಂತ ಕೆಟ್ಟದ್ದು ತಿಂದಿದ್ದೀನಿ.”

ಎರಡನೆಯವಳು ಬರ್ನೀಸ್ ಆಸ್‌ಲ್ಯಾಂಡ್. ಅವಳಿಗೆ ಕುತ್ತಿಗೆ ಹಿಡಿದು ವರ್ಷವಾಗಿದೆ, ಮುಖ ಯಾವಾಗಲೂ ಬಾಗಿಲ ಕಡೆಗೇ ತಿರುಗಿರುತ್ತದೆ. ಶೀತಕ್ಕೆ ಗಂಟಲು ಕಟ್ಟಿತ್ತು, ಪಿಸುಮಾತಲ್ಲಿ ಅಂದಳು, “ದೂರೋ ಹಾಗಿಲ್ಲಮ್ಮ.”

ಮೂರನೆಯವಳು ನನ್ನ ಲವೋನ್. ಕುಟುಂಬದವನು ಅಂತ ನನ್ನನ್ನು ಇರಗೊಟ್ಟಿದ್ದಳು, ಪಕ್ಕದಲ್ಲೇ ಕೂತಿದ್ದೆ. ಲಕ್ವ ಹೊಡೆದ ಮೇಲೆ ಅವಳ ಬಲಗಣ್ಣಲ್ಲಿ ಸುಮ್ಮನೆ ನೀರು ಇಳಿಯುತ್ತಿರುತ್ತದೆ. ಹೊಸ ಹುಡುಗಿಯನ್ನು ಕಂಡು ಅವಳಿಗೆ ಖುಷಿಯಾಯಿತು. ಆ ಹುಡುಗಿಯ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಏನು ಕೇಳಿದರೂ “ದೂರೋ ಹಾಗಿಲ್ಲ, ದೂರೋ ಹಾಗಿಲ್ಲ.” ಮಿಸ್ ಫೇರ್‌ಚೈಲ್ಡ್ ನನ್ನ ಕಡೆ ತಿರುಗಿದಳು. “ಸಾರ್, ನೀವಾದ್ರೂ ಹೇಳಿ. ನಿಮ್ಮ ಹೆಂಡತಿಯವರ ಆರೈಕೆ ಹೇಗಿದೆ?” ಎದೆಯುಬ್ಬಿಸಿ, ಜೋಡೀನಳಿಗೆ ನಾಲ್ಕು ಒಳ್ಳೆಯ ಮಾತು ಸಿಗಲಿ ಅಂತ, ನನಗೆ ಗೊತ್ತಿರುವ ಅತಿ ದೊಡ್ಡ ಹೊಗಳಿಕೆಯನ್ನೇ ಹೇಳಿದೆ.

“ದೂರೋ ಹಾಗಿಲ್ಲ ಕಣಮ್ಮ!”

ಈಗ ತಮ್ಮ ಕಡತದಲ್ಲಿರುವ ವರದಿಯ ಸಾಲುಗಳನ್ನು ಜೋಡೀನ್ ನನಗೆ ಓದಿ ಹೇಳಿದ ಹಾಗೇ ಇಲ್ಲಿ ಹೇಳುತ್ತೇನೆ. “ಸಂದರ್ಶಿಸಲಾದ ಪ್ರತಿಯೊಬ್ಬ ನಿವಾಸಿಯೂ, ಮೊದಲೇ ಕಲಿಸಿದಂತೆ ಒಂದೇ ಪದಗಳಲ್ಲಿ, ತಮಗೆ ದೂರು ನೀಡಲು ಅವಕಾಶವಿಲ್ಲವೆಂದು ತಿಳಿಸಿದರು. ಒಬ್ಬ ಮಹಿಳೆ ಬಾಗಿಲಿನ ಮೇಲೆಯೇ ಕಣ್ಣಿಟ್ಟು ಪಿಸುಗುಟ್ಟಿದರು. ಮತ್ತೊಬ್ಬರು ಕಣ್ಣೀರು ಸುರಿಸುತ್ತಾ ನನ್ನ ಕೈ ಬಿಡಲು ನಿರಾಕರಿಸಿದರು. ಅವರ ಪತಿಯೂ ಅದನ್ನೇ ಉದ್ವೇಗದಿಂದ ಉಚ್ಚರಿಸಿದ್ದು, ಭೀತಿಯು ಕುಟುಂಬ ವರ್ಗಕ್ಕೂ ಹರಡಿರುವುದನ್ನು ಸೂಚಿಸುತ್ತದೆ.”

ಉದ್ವೇಗವಂತೆ! ನಲವತ್ತು ವರ್ಷ ಹರಾಜು ಕೂಗಿದ ಗಂಟಲು ಸ್ವಾಮೀ ಇದು.

ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಹೊರಗಿನವಳು, ಕೇಳಿದ್ದನ್ನು ಬರೆದಳು. ಆದರೆ ತಾವು? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ ಆಯಿತಲ್ಲ ತಮ್ಮ ವಿವೇಚನೆ? ಈ ರಾಜ್ಯದ ಯಾವ ಪೆಟ್ರೋಲ್ ಬಂಕಿಗಾದರೂ ಒಂದು ಫೋನು ಮಾಡಿ ಕೇಳಿದ್ದರೆ ಹೇಳುತ್ತಿದ್ದರು. ನಮ್ಮ ಕಡೆ ‘ದೂರೋ ಹಾಗಿಲ್ಲ’ ಅಂದರೆ ದೂರಲಿಕ್ಕೆ ಏನೂ ಸಿಗಲಿಲ್ಲ, ಹುಡುಕಿ ನೋಡಿದೆ, ದೇವರಾಣೆ ಸಿಗಲಿಲ್ಲ ಅಂತ ಅರ್ಥ. ಅದಕ್ಕಿಂತ ಮೇಲಿನ ಹೊಗಳಿಕೆ ನಮ್ಮಲ್ಲಿಲ್ಲ. ಹಾರ್ಲನ್‌ನ ಕೊಟ್ಟಿಗೆ ಪೂರ್ತಿ ಉರಿದುಹೋದ ದಿನ ನಾನು ಓಡಿಹೋಗಿ ಏನಾಯ್ತೋ ಅಂದರೆ, “ಸ್ವಲ್ಪ ಬೆಚ್ಚಗಾಯ್ತು ಕಣೋ,” ಅಂದಿದ್ದ. ನನ್ನ ಹರಾಜಿನಲ್ಲಿ ಜನ ಕೈ ಎತ್ತುತ್ತಿರಲಿಲ್ಲ, ಬೇಕಾದ ವಸ್ತುವಿನಿಂದ ಮುಖ ತಿರುಗಿಸಿಕೊಳ್ಳುತ್ತಿದ್ದರು. ಯಾರು ಹೆಚ್ಚು ಬೇಜಾರಾದವರ ಹಾಗೆ ಆಕಾಶ ನೋಡುತ್ತಾರೋ ಅವರಿಗೇ ಆ ಟ್ರ್ಯಾಕ್ಟರು ಬೇಕಾಗಿದೆ ಅಂತ ನಾನು ಊಹಿಸುತ್ತಿದ್ದೆ, ಊಹೆ ತಪ್ಪುತ್ತಿರಲಿಲ್ಲ. ಲವೋನಳನ್ನು ಚರ್ಚಿನ ನೆಲಮಾಳಿಗೆಯಲ್ಲಿ, ಪಾತ್ರೆ ತೊಳೆಯುತ್ತಿದ್ದಾಗ, ನನ್ನನ್ನು ಮದುವೆ ಆಗ್ತೀಯಾ ಅಂತ ಕೇಳಿದೆ. ಅವಳು ಕೈಯಲ್ಲಿದ್ದ ತಟ್ಟೆಯನ್ನು ಎರಡು ಸಲ ಒರೆಸಿದಳು. ಆಮೇಲೆ ಅಂದಳು, “ಇದಕ್ಕಿಂತ ಕೆಟ್ಟದ್ದೂ ಆಗಬಹುದಿತ್ತು ನನಗೆ.” ಆ ಖುಷಿಗೆ ನನಗೆ ಮೂರು ದಿನ ನಿದ್ದೆ ಬರಲಿಲ್ಲ.

ತಾವು ಫೋನು ಮಾಡಲಿಲ್ಲ. ಬದಲಿಗೆ ಜಾಮೀನು ಪತ್ರದ ಕೊನೆಗೆ ಒಂದು ವಿಶೇಷ ಷರತ್ತು ಸೇರಿಸಿದಿರಿ. ಸಾಲದ ಕಾಗದಗಳಿಗೆ ಸಹಿ ಬೀಳುವ ಮುನ್ನ, ನಿವಾಸಿಗಳು ಮುಕ್ತವಾಗಿ ದೂರು ನೀಡಬಲ್ಲರು ಎಂಬುದಕ್ಕೆ ಪುರಾವೆಯಾಗಿ, ನಿವಾಸಿಗಳದೇ ದೂರುಗಳನ್ನು ಲಿಖಿತವಾಗಿ ಸಲ್ಲಿಸತಕ್ಕದ್ದು. ಅಂದರೆ ಮಾನ್ಯರೇ, ದೂರಿಲ್ಲದ ಮನೆಗೆ ಸಾಲವಿಲ್ಲ. ಊಟ ಹಳಸಿದ್ದರೆ, ಹಾಸಿಗೆ ಒದ್ದೆಯಿದ್ದರೆ, ನರ್ಸು ಕೆನ್ನೆಗೆ ಬಾರಿಸಿದ್ದರೆ ಇಷ್ಟು ಹೊತ್ತಿಗೆ ನಮ್ಮ ಸಾಲ ಮಂಜೂರಾಗಿ ಸಿಹಿ ಹಂಚಿರುತ್ತಿದ್ದೆವು. ಜೋಡೀನ್ ಹದಿನೇಳು ವರ್ಷದಿಂದ ಆ ಮನೆಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಿದ್ದಾಳೆ. ಪಾಪ, ಅದೇ ಅವಳು ಮಾಡಿದ ತಪ್ಪು.

ಅವಳು ಅಳಲಿಲ್ಲ, ನಮ್ಮವಳಲ್ಲವೇ. ಊಟದ ಹಾಲಿನಲ್ಲಿ ಸಭೆ ಕರೆದಳು. ಕಾಫಿ, ಬೆಣ್ಣೆ ಸಕ್ಕರೆ ಸವರಿದ ಲೆಫ್ಸೆ ರೊಟ್ಟಿ, ಎಲ್ಲ ಇಟ್ಟಳು. ನಾನೂ ಹೋಗಿದ್ದೆ.

“ನಿಮ್ಮ ಕಾಲಿಗೆ ಬೀಳ್ತೀನಿ, ಯಾರಾದ್ರೂ ಒಂದು ದೂರು ಹೇಳಿ,” ಅಂದಳು. “ಏನಾದ್ರೂ ಸರಿ. ಚಿಕ್ಕದಾದ್ರೂ ಪರವಾಗಿಲ್ಲ.”

ಎಲ್ಲರೂ ತಮ್ಮ ತಮ್ಮ ಕಾಫಿ ಲೋಟದ ಒಳಗೆ ನೋಡಿದರು. ಕೊನೆಗೆ ಬರ್ನೀಸ್ ಕೆಮ್ಮಿದಳು.

“ಈ ಲೆಫ್ಸೆ ಇದೆಯಲ್ಲ...”

“ಹೇಳಿ ಹೇಳಿ, ಬರ್ನೀಸಮ್ಮ! ಗಟ್ಟಿಯಾಗಿದೆಯಾ?”

“ಇಲ್ಲಮ್ಮ. ತುಂಬ ಚೆನ್ನಾಗಿದೆ. ಒಂದಕ್ಕೆ ನಿಲ್ಲಿಸೋಕೆ ಆಗಲ್ಲ.”

ಜೋಡೀನ್ ‘ಆಹಾರದ ಬಗ್ಗೆ ದೂರು’ ಅಂತ ಬರೆದುಕೊಂಡಳು. ಆಮೇಲೆ ಹಾರ್ಲನ್‌ನ ಹತ್ತಿರ ಹೋದಳು.

“ನೀವು ಹೇಳಿ. ನಿಮ್ಮ ಕೋಣೆಯವರು ಗೊರಕೆ ಹೊಡೀತಿದ್ರಲ್ಲ?”

“ಹೊಡೀತಿದ್ದ. ನನ್ನ ಕಿವಿಗೂ ಕೇಳೋ ಹಾಗೆ, ಗೋಡೆ ನಡುಗ್ತಿತ್ತು.”

“ದೇವರು ದೊಡ್ಡವನು! ಬರ್ಕೊಳ್ಳಲಾ?”

“ಬೇಡಮ್ಮ. ಅವನು ಹೋಗಿಬಿಟ್ನಲ್ಲ ನವೆಂಬರಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ. ಈಗ ಆ ಗೊರಕೆ ಇಲ್ಲದೆ ನಿದ್ದೆ ಬರಲ್ಲ. ಹಾಗಂತ ಬರ್ಕೊ ಬೇಕಾದ್ರೆ.”

“ಲೋ ಹಾರ್ಲನ್,” ನಾನು ರೇಗಿದೆ, “ಏನಾದ್ರೂ ಒಂದು ಸುಳ್ಳು ಹೇಳಬಾರದೇನೋ? ಮನೆ ಹೋಗುತ್ತೆ ಕಣೋ!”

“ನೀನೇ ಹೇಳು ನೋಡೋಣ, ಬಾಯಿಬಡುಕ,” ಅಂದ. “ಈ ಹುಡುಗಿ ಮುಖ ನೋಡ್ಕೊಂಡು ಹೇಳು.”

ಜೋಡೀನಳ ಮುಖ ನನಗೆ ಕಾಣುವುದಿಲ್ಲ. ಕಿವಿ ಕಂಡಿತು, ಕೆಂಪಗಾಗಿತ್ತು. ನಾನು ಇನ್ನೊಂದು ಲೆಫ್ಸೆ ಬಾಯಿಗೆ ತುರುಕಿಕೊಂಡೆ.

ಒಟ್ಟುಗೂಡಿದಷ್ಟನ್ನು ಜೋಡೀನ್ ಕಳಿಸಿಕೊಟ್ಟಳು. ತಮ್ಮ ಉತ್ತರ ಬಂತು. “ಸಲ್ಲಿಸಲಾದ ದೂರುಗಳು ಸ್ವರೂಪದಲ್ಲಿ ಪ್ರಶಂಸೆಗಳಾಗಿದ್ದು, ಒತ್ತಡದ ಸಂಶಯವನ್ನು ಬಲಪಡಿಸುತ್ತವೆ.” ಅಲ್ಲ ಸ್ವಾಮೀ, ಎಂಥ ಬುದ್ಧಿ ತಮ್ಮದು! ಒಬ್ಬ ಮುದುಕ ಸತ್ತ ಗೆಳೆಯನ ಗೊರಕೆ ನೆನೆದರೆ ಅದರಲ್ಲಿ ತಮಗೆ ಮೇಲ್ವಿಚಾರಕಿಯ ದೊಣ್ಣೆ ಕಾಣಿಸಿತೇ?

ಆಮೇಲೆ ಬಂತು ಫೆಬ್ರವರಿಯ ಆ ಬುಧವಾರ. ಆ ದಿನ ನಾನು ಲವೋನಳ ಹತ್ತಿರ ತಡವಾಗಿ ಹೋದೆ. ಯಾಕೆ ತಡ ಅಂತ ಮುಂದೆ ಹೇಳುತ್ತೇನೆ. ಅವಳ ಮುಂದೆ ಕಾಫಿ ಹಾಗೇ ಇತ್ತು, ಮುಟ್ಟಿರಲಿಲ್ಲ. ಕುರ್ಚಿ ಎಳೆದುಕೊಂಡು ಕೂತೆ. “ಹೇಗಿದ್ದೀಯೇ?” ಅಂದೆ. ಬರುವ ಉತ್ತರ ಗೊತ್ತೇ ಇತ್ತಲ್ಲ. ಅವಳು ಎಡಗೈಯಲ್ಲಿ ಲೋಟವನ್ನು ನನ್ನ ಕಡೆ ತಳ್ಳಿದಳು. ಗಂಟಲಲ್ಲಿ ಏನೋ ಗೊರಗೊರ ಅಂತು. ಆಮೇಲೆ, ಎರಡು ವರ್ಷದಲ್ಲಿ ಮೊದಲ ಸಲ, ಬೇರೆ ಮಾತು ಬಂತು.

“ಆರಿ ಹೋಗಿದೆ.”

ನಾನು ಎದ್ದು ನಿಂತುಬಿಟ್ಟೆ. “ಏನಂದೆ? ಇನ್ನೊಂದ್ಸಲ ಹೇಳೇ!”

“ಆರಿ ಹೋಗಿದೆ,” ಅಂದಳು. ಸಿಟ್ಟಿನಿಂದ ಅಂದಳು. ನನ್ನ ಲವೋನಳ ಸಿಟ್ಟು!

ಊರುಗೋಲು ಅಲ್ಲೇ ಬಿಟ್ಟು, ಗೋಡೆ ಹಿಡಿದುಕೊಂಡು, ಹರಾಜಿನ ದನಿಯಲ್ಲಿ ಕೂಗುತ್ತಾ ಹೋದೆ. “ದೂರಿದಳು! ನನ್ನ ಹೆಂಡತಿ ದೂರಿದಳು!” ನರ್ಸುಗಳು ಓಡಿಬಂದರು. ಹಾರ್ಲನ್ ಗಾಲಿಕುರ್ಚಿ ತಳ್ಳಿಕೊಂಡು ಬಂದ. ಬರ್ನೀಸ್ ಬಾಗಿಲ ಕಡೆ ನೋಡುತ್ತಲೇ ಚಪ್ಪಾಳೆ ಹೊಡೆದಳು. ಜೋಡೀನ್ ಮಾತ್ರ ನಮ್ಮೂರ ಮರ್ಯಾದೆ ಬಿಟ್ಟು ಎಲ್ಲರೆದುರೇ ಅತ್ತಳು. ಆ ಎರಡು ಪದವನ್ನು ಬರೆದುಕೊಂಡು, ಎಲ್ಲರ ಸಾಕ್ಷಿ ಸಹಿ ಹಾಕಿಸಿ, ಅವತ್ತೇ ತಮಗೆ ಕಳಿಸಿದಳು. ಎರಡು ವರ್ಷದಿಂದ ನಾನು ದೇವರನ್ನು ಬೇಡಿದ್ದು ಹೆಂಡತಿಯ ಒಂದು ಹೊಸ ಮಾತಿಗೆ. ಅದರ ಜೊತೆಗೆ ಮನೆಯೂ ಉಳಿಯಿತು ಅಂದುಕೊಂಡು ಅವತ್ತು ರಾತ್ರಿ ನಾನು ಒಬ್ಬನೇ ಅಡುಗೆಮನೆಯಲ್ಲಿ ಹಾಡಿಕೊಂಡೆ.

ತಾವು ದೂರನ್ನು ಒಪ್ಪಿದಿರಿ. ಧನ್ಯವಾದ. ಒಪ್ಪಿ, ಬಿಸಿ ಕಾಫಿ ಕೊಡದಿರುವುದು ಗಂಭೀರ ಲೋಪ, ಅದನ್ನು ಸರಿಪಡಿಸಿದ ಪುರಾವೆ ಸಲ್ಲಿಸತಕ್ಕದ್ದು ಅಂದಿರಿ. ಜೋಡೀನ್ ಕಾಫಿ ಬಿಸಿಯಾಗಿಡುವ ಯಂತ್ರ ತಂದಳು. ತಕ್ಷಣ ತಮ್ಮದೇ ಪಕ್ಕದ ಮೇಜಿನಿಂದ ಇನ್ನೊಂದು ಕಾಗದ ಬಂತು. ಕೈಯಲ್ಲಿ ಸ್ವಾಧೀನವಿಲ್ಲದ ರೋಗಿಗೆ ಬಿಸಿ ಪಾನೀಯ ಕೊಡುವುದು ಸುಟ್ಟಗಾಯದ ಅಪಾಯ, ನಿಲ್ಲಿಸತಕ್ಕದ್ದು. ಅತ್ತ ದರಿ, ಇತ್ತ ಪುಲಿ. ಕಾಫಿ ಬಿಸಿಯಾಗಿದೆ ಅಂತಲೂ ತೋರಿಸಬೇಕು, ಬಿಸಿಯಾಗಿಲ್ಲ ಅಂತಲೂ ತೋರಿಸಬೇಕು. ಅದನ್ನೂ ಜೋಡೀನ್ ಹೇಗೋ ಸಂಭಾಳಿಸಿದಳು. ಕಾಫಿ ಬಿಸಿ, ಲೋಟಕ್ಕೆ ಮುಚ್ಚಳ, ಪಕ್ಕದಲ್ಲಿ ನರ್ಸು. ಆಗ ತಾವು ಕೊನೆಯದಾಗಿ ಒಂದೇ ಒಂದು ಕೇಳಿದಿರಿ. ದೂರು ನೀಡಿದ ನಿವಾಸಿಗೆ ಪರಿಹಾರ ತೃಪ್ತಿ ತಂದಿದೆಯೇ ಎಂದು ಸಾಲ ಕೊಡುವ ಕಂಪನಿಯವರು ಖುದ್ದಾಗಿ ವಿಚಾರಿಸತಕ್ಕದ್ದು.

ಮಿಸ್ ಫೇರ್‌ಚೈಲ್ಡ್ ಮತ್ತೆ ಬಂದಳು. ಈ ಸಲ ದಪ್ಪ ಬೂಟು ಹಾಕಿದ್ದಳು. ಲವೋನಳ ಮುಂದೆ ಮಂಡಿಯೂರಿ ಕೂತು, ತುಂಬ ಪ್ರೀತಿಯಿಂದಲೇ ಕೇಳಿದಳು.

“ಈಗ ಕಾಫಿ ಬಿಸಿಯಾಗಿದೆಯಾ, ಅಮ್ಮ? ಈಗ ಎಲ್ಲ ಸರಿಯಾಗಿದೆಯಾ?”

ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಬೇರೆ ಏನಾದರೂ ಅನ್ನೇ, ಮಾರಾಯ್ತಿ. ‘ಹೂಂ’ ಅನ್ನು. ತಲೆ ಆಡಿಸು. ಲವೋನ್ ಒಂದು ಗುಟುಕು ಕುಡಿದಳು. ನನ್ನ ಕಡೆ ತಿರುಗಿದಳು. ಆ ಹುಡುಗಿಯ ಕೈ ಹಿಡಿದುಕೊಂಡಳು. ಬಲಗಣ್ಣಿಂದ ಎಂದಿನ ಹಾಗೆ ನೀರು ಇಳಿದಿರಬೇಕು.

“ದೂರೋ ಹಾಗಿಲ್ಲ.”

ರಾತ್ರಿಯೆಲ್ಲ ಅಲೆದರೂ ಸುಂಕದ ಕಟ್ಟೆಯ ಮುಂದೇ ಬೆಳಗಾಯಿತು ಅನ್ನುತ್ತಾರಲ್ಲ, ಹಾಗಾಯಿತು. ಒಮ್ಮೆ ದೂರಿದ ಮಹಿಳೆ ಈಗ ದೂರುವಂತಿಲ್ಲ ಅನ್ನುತ್ತಿರುವುದರಿಂದ, ನಡುವೆ ಆಕೆಯ ಬಾಯಿ ಮುಚ್ಚಿಸಿರುವ ಸಾಧ್ಯತೆಯನ್ನು ಅಲ್ಲಗಳೆಯಲಾಗದು ಅಂತ ತಾವು ಬರೆದಿದ್ದೀರಿ. ಮೊದಲ ಷರತ್ತು ಮತ್ತೆ ಜೀವ ಪಡೆದಿದೆ. ತಮ್ಮ ಜಾಮೀನು ಪತ್ರದ ಅವಧಿಯೂ ಮಾರ್ಚ್ ಕೊನೆಗೇ ಮುಗಿಯುತ್ತದೆ. ಮಿಸ್ ಫೇರ್‌ಚೈಲ್ಡ್‌ಗೆ ಈ ಸಲ ಅರ್ಥವಾಗಿತ್ತು ಅಂತ ಕಾಣುತ್ತದೆ. ಹೋಗುವಾಗ ಬಾಗಿಲಲ್ಲಿ ನಿಂತು, “ಸಾರ್, ಈ ಮಾತಿನ ಅರ್ಥವನ್ನ ಇಲ್ಲಿಗೆ ಬರೋ ಮೊದಲೇ ನಾನು ವಿವರವಾಗಿ ಬರೆದಿದ್ದೆ, ಅವರು ಆ ಪುಟ ಸ್ವೀಕರಿಸಲ್ಲವಂತೆ,” ಅಂದಳು. “ನಿಮ್ಮ ಕೆಲಸ ಹೇಗಮ್ಮಾ?” ಅಂತ ಕೇಳಿದೆ. “ದೂರೋ ಹಾಗಿಲ್ಲ,” ಅಂದಳು. ನಮ್ಮ ಅರ್ಥದಲ್ಲಿ ಅಂದಳೋ ತಮ್ಮ ಅರ್ಥದಲ್ಲಿ ಅಂದಳೋ ಗೊತ್ತಾಗಲಿಲ್ಲ.

ಈಗ ಆ ಬುಧವಾರದ ತಡದ ವಿಚಾರ. ಆ ಕಾಫಿ ಯಾಕೆ ಆರಿತ್ತು ಅಂತ ತಮ್ಮ ಕಚೇರಿಯಲ್ಲಿ ಒಬ್ಬರೂ ಕೇಳಲಿಲ್ಲ. ಅಡುಗೆಮನೆಯವರು ಮೂರಕ್ಕೆ ಸರಿಯಾಗಿ ಬಿಸಿಬಿಸಿ ಕಾಫಿಯನ್ನೇ ತಂದಿಟ್ಟಿದ್ದರು. ಲವೋನ್ ಕುಡಿಯಲಿಲ್ಲ. ನಾನು ಬರದೆ ಅವಳು ಕುಡಿಯುವುದಿಲ್ಲ. ನಾನು ಎಲ್ಲಿದ್ದೆ? ಎರಡು ಬಾಗಿಲು ಆಚೆ, ಜೋಡೀನಳ ಕೋಣೆಯಲ್ಲಿ. ಕುಟುಂಬದವರು ಭಯಭೀತರಾಗಿಲ್ಲ ಎಂದು ತಮಗೆ ಬರೆದುಕೊಡುವ ಕಾಗದಕ್ಕೆ, ಕಾಣದ ಗೆರೆ ಹುಡುಕಿ ಹುಡುಕಿ ಸಹಿ ಹಾಕುತ್ತಾ ಕೂತಿದ್ದೆ. ಅವಳ ಆ ದೂರು ಅಡುಗೆಯವರ ಮೇಲೆ ಅಲ್ಲ ಮಾನ್ಯರೇ. ನನ್ನ ಮೇಲೆ. ‘ಎಲ್ಲಿ ಹೋಗಿದ್ದೆ ನೀನು? ಕಾದು ಕಾದು ಕಾಫಿ ಆರಿಹೋಯ್ತು’ ಅಂತ. ಆ ಲೋಪವನ್ನು ಸರಿಪಡಿಸಲು ಯಂತ್ರ ಬೇಡ. ನಾನು ರಸ್ತೆ ದಾಟಿದರೆ ಸಾಕು.

ತಾವು ಈಗ ಆ ರಸ್ತೆಯನ್ನು ಎಂಬತ್ತು ಮೈಲಿ ಉದ್ದ ಮಾಡುತ್ತಿದ್ದೀರಿ. ದೂರು ಕೊಡಿ ಅಂದವರು ಅವಳನ್ನೇ ದೂರ ಕಳಿಸುತ್ತಿದ್ದೀರಿ.

ಹಾಗಾಗಿ ಇದು ನನ್ನ ಒತ್ತಾಯ. ನಿವಾಸಿಗಳು ದೂರಬಲ್ಲರು ಎಂಬುದಕ್ಕೆ ಪುರಾವೆ ತಾನೇ ಬೇಕು? ಅದೇ ಮನೆಯ, ಅದೇ ಭಯಗ್ರಸ್ತ ಕುಟುಂಬದ ಮನುಷ್ಯ ಊರ ಪತ್ರಿಕೆಯಲ್ಲಿ, ಹೆಸರು ಹಾಕಿ, ಇಷ್ಟುದ್ದ ದೂರಿದ್ದಾನೆ. ಈ ಹಾಳೆಯನ್ನು ಕತ್ತರಿಸಿ ಕಡತಕ್ಕೆ ಅಂಟಿಸಿ. ಷರತ್ತು ಪೂರೈಸಿದೆ ಅಂತ ಬರೆಯಿರಿ. ಮಾರ್ಚ್ ಮುಗಿಯುವ ಮುನ್ನ ಸಹಿ ಹಾಕಿ. ಹರಾಜಿನವನ ಭಾಷೆಯಲ್ಲಿ ಹೇಳುವುದಾದರೆ, ಒಂದನೇ ಸಲ ಕೂಗಿಯಾಯಿತು, ಎರಡನೇ ಸಲವೂ ಕೂಗಿಯಾಯಿತು. ಈಗ ಆಕಾಶ ನೋಡಬೇಡಿ. ನನಗೆ ಕಣ್ಣು ಕಾಣುವುದಿಲ್ಲ, ಕೈಯನ್ನೇ ಎತ್ತಿ.

ಎತ್ತದೆ ಹೋದರೆ ಆಗುವುದು ಇಷ್ಟೇ. ಏಪ್ರಿಲ್‌ನಲ್ಲಿ, ಎಂಬತ್ತು ಮೈಲಿ ಆಚೆಯ ಊರಿನಲ್ಲಿ, ಮೂರು ಗಂಟೆಗೆ ಅವಳ ಮುಂದೆ ಒಂದು ಲೋಟ ಕಾಫಿ ಇಡುತ್ತಾರೆ. ಅವಳು ಬಾಗಿಲ ಕಡೆ ನೋಡುತ್ತಾ ಕೂರುತ್ತಾಳೆ. ಕಾಫಿ ಆರುತ್ತದೆ. ಮಾರನೆಯ ದಿನವೂ ಆರುತ್ತದೆ. ‘ಆರಿ ಹೋಗಿದೆ’ ಅಂತ ಅವಳು ಯಾರಿಗೆ ಹೇಳಬೇಕೋ ಅವನು ಅಲ್ಲಿರುವುದಿಲ್ಲ, ಹಾಗಾಗಿ ಆ ಮಾತೂ ಬಾಯಿಂದ ಹೋಗಿಬಿಡುತ್ತದೆ. ಆಮೇಲೆ ಯಾರಾದರೂ ಒಳ್ಳೆಯ ಹುಡುಗಿ ಬಂದು ಹೇಗಿದ್ದೀರಮ್ಮಾ ಅಂತ ಕೇಳುತ್ತಾಳೆ. ಲವೋನ್ ಹೇಳುತ್ತಾಳೆ, ದೂರೋ ಹಾಗಿಲ್ಲ. ಅವತ್ತು ಮಾತ್ರ ಆ ಮಾತಿಗೆ ತಾವು ಬರೆದ ಅರ್ಥವೇ ಅರ್ಥ.

ಇಂತಿ,
ಎಪ್ಪತ್ತೊಂಬತ್ತು ವರ್ಷ ದೂರದೆ ಬದುಕಿ ಈಗ ದೂರಿದ್ದಕ್ಕೆ ಕ್ಷಮೆಯನ್ನೂ ಕೇಳುತ್ತಿರುವ,
ಮೂರು ಗಂಟೆಯಾಗುತ್ತಾ ಬಂದದ್ದರಿಂದ ಪತ್ರವನ್ನು ಇಲ್ಲಿಗೇ ನಿಲ್ಲಿಸಿ ರಸ್ತೆ ದಾಟಬೇಕಾಗಿರುವ,
ಅರ್ವಿಡ್ ಸ್ಕಾರ್‌ಬೋ
ಬ್ರೆಕ್ಕಾ